ಮೊದಲು ಸಾಲ, ಆಮೇಲೆ ಪಾಲು

1621ರ ಫೆಬ್ರವರಿ. ಅಮೆರಿಕದ ಪ್ಲಿಮತ್‌ನಲ್ಲಿ ಮೇಫ್ಲವರ್ ಹಡಗು ಇನ್ನೂ ಲಂಗರು ಹಾಕಿಯೇ ನಿಂತಿತ್ತು. ಇಂಗ್ಲೆಂಡಿನಿಂದ ಅದರಲ್ಲಿ ಬಂದಿದ್ದ 102 ಮಂದಿ ಪ್ರಯಾಣಿಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆ ಮೊದಲ ಚಳಿಗಾಲವನ್ನು ದಾಟಲಿಲ್ಲ. ಹಾಗೆ ಸಾಯುತ್ತಿದ್ದವರಲ್ಲಿ ವಿಲಿಯಂ ಮಲಿನ್ಸ್ ಒಬ್ಬ. ಡಾರ್ಕಿಂಗ್ ಎಂಬ ಊರಿನ ಷೂ ವ್ಯಾಪಾರಿ. ಅವನು ತನ್ನ ಕೊನೆಯ ಇಚ್ಛೆಯನ್ನು ಬಾಯಲ್ಲಿ ಹೇಳಿದ, ವಸಾಹತಿನ ಗವರ್ನರ್ ಜಾನ್ ಕಾರ್ವರ್ ಬರೆದುಕೊಂಡ, ಹಡಗಿನ ಕಪ್ತಾನನೂ ವೈದ್ಯನೂ ಸಾಕ್ಷಿ ನಿಂತರು. ಹೆಂಡತಿಗೆ, ಮಗನಿಗೆ, ಮಗಳಿಗೆ ಹತ್ತು ಹತ್ತು ಪೌಂಡ್. ಜೊತೆಗೆ ತಂದಿದ್ದ 21 ಡಜನ್ ಷೂ ಮತ್ತು 13 ಜೊತೆ ಬೂಟು ವಸಾಹತಿನ ಕಂಪನಿಯ ವಶಕ್ಕೆ. ಬದಲಿಗೆ ಏಳು ವರ್ಷದ ಕೊನೆಗೆ 40 ಪೌಂಡ್. ಇಷ್ಟೆಲ್ಲ ಹೇಳಿ ಇನ್ನೊಂದು ಮಾತನ್ನೂ ಸೇರಿಸಿದ: ಆಳು ರಾಬರ್ಟ್ ತಾನು ಬಯಸಿದ ಹಾಗೆ ನಡೆದುಕೊಂಡಿಲ್ಲ, ಅವನ ಮೇಲೆ ಒಂದು ಕಣ್ಣಿರಲಿ.

ಮಲಿನ್ಸ್ ತೀರಿಕೊಂಡ. ಹೆಂಡತಿ, ಮಗ ಇಬ್ಬರೂ ತೀರಿಕೊಂಡರು. ರಾಬರ್ಟ್ ಕೂಡ ಹೋದ. ಹಡಗಿನಲ್ಲಿ ಬಂದಿದ್ದ ಆ ಮನೆಯವರಲ್ಲಿ ಉಳಿದವಳು ಮಗಳು ಪ್ರಿಸಿಲ್ಲಾ ಒಬ್ಬಳೇ. ಅವಳು ಜಾನ್ ಆಲ್ಡನ್ ಎಂಬುವನನ್ನು ಮದುವೆಯಾದಳು. ಆ ಸಂಸಾರದ ಕವಲಿನಲ್ಲೇ ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್, ಅವನ ಮಗ ಆರನೆಯ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್, ಕವಿ ಲಾಂಗ್‌ಫೆಲೊ ಹುಟ್ಟಿದರು. 1897ರಲ್ಲಿ ಮೇಫ್ಲವರ್ ವಂಶಸ್ಥರದೇ ಒಂದು ಸಂಘ ಸ್ಥಾಪನೆಯಾಯಿತು. ಅದರ ಸದಸ್ಯನಾಗಬೇಕಾದರೆ ತನ್ನಿಂದ ಹಿಡಿದು ಹಡಗಿನ ಪ್ರಯಾಣಿಕನವರೆಗೆ ತಲೆಮಾರು ತಲೆಮಾರಿಗೂ ದಾಖಲೆ ಹಾಜರುಪಡಿಸಬೇಕು. ಷೂ ಲೆಕ್ಕ ಬರೆಸಿ ಸತ್ತ ವ್ಯಾಪಾರಿ ಈಗ ದೊಡ್ಡ ಮನೆತನಗಳ ಮೂಲಪುರುಷ. ರಾಬರ್ಟ್‌ಗೆ ಸಂತಾನವಿಲ್ಲ, ಒಡೆಯನ ಆ ದೂರಿಗೆ ಅವನ ಪರವಾಗಿ ಉತ್ತರ ಕೊಡುವವರೂ ಇಲ್ಲ.

ವಸಾಹತು ಕಾಲದ ಪೂರ್ವಜರನ್ನು ಹುಡುಕುವುದು ಅಮೆರಿಕದಲ್ಲಿ ಹವ್ಯಾಸವೂ ಹೌದು, ಉದ್ಯಮವೂ ಹೌದು. ಬಾಸ್ಟನ್ನಿನಲ್ಲಿ ಇದಕ್ಕೆಂದೇ ಒಂದು ಸಂಸ್ಥೆ 1845ರಲ್ಲೇ ಹುಟ್ಟಿಕೊಂಡಿತ್ತು. ಹುಡುಕುವವರಿಗೆ ಸಿಗುವ ಸಾಮಗ್ರಿಯೂ ಕಡಿಮೆಯಲ್ಲ. ಮನೆಯ ಬೈಬಲ್‌ನಲ್ಲಿ ಹಳೆಯ ಮತ್ತು ಹೊಸ ಒಡಂಬಡಿಕೆಗಳ ನಡುವಿನ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವುದು ರೂಢಿಯಾಗಿತ್ತು. ಕ್ರಾಂತಿಯುದ್ಧದಲ್ಲಿ ಹೋರಾಡಿದವರ ವಿಧವೆಯರು ಪಿಂಚಣಿ ಕೇಳುವಾಗ ಮದುವೆಗೆ ಪುರಾವೆಯೆಂದು ಆ ಹಾಳೆಗಳನ್ನೇ ಕಿತ್ತು ಸರ್ಕಾರಕ್ಕೆ ಕಳಿಸಿದ್ದುಂಟು. ಅಂಥ ಎಷ್ಟೋ ಹಾಳೆಗಳು ಇಂದಿಗೂ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದ ಕಡತಗಳಲ್ಲಿವೆ. ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳಿವೆ, ಜಮೀನಿನ ಪತ್ರಗಳಿವೆ. ತೊಡಕುಗಳೂ ಇವೆ. 1752ಕ್ಕಿಂತ ಮುಂಚೆ ಇಂಗ್ಲಿಷರ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದುದರಿಂದ ಫೆಬ್ರವರಿಯ ಒಂದು ಹುಟ್ಟು ಯಾವ ವರ್ಷದ್ದು ಎಂಬುದೇ ಗೊಂದಲ. ವರ್ಜೀನಿಯಾದ ಹಲವು ಜಿಲ್ಲೆಗಳು ತಮ್ಮ ದಾಖಲೆಗಳನ್ನು ಕಾಪಾಡಲೆಂದು ರಾಜಧಾನಿ ರಿಚ್‌ಮಂಡ್‌ಗೆ ಸಾಗಿಸಿದ್ದವು. 1865ರ ಬೆಂಕಿಯಲ್ಲಿ ಅವು ಅಲ್ಲೇ ಸುಟ್ಟು ಬೂದಿಯಾದವು.

ಇವೆಲ್ಲದರ ನಡುವೆ ಉಯಿಲಿಗೆ ಬೇರೆಯೇ ಬೆಲೆ. ದೀಕ್ಷಾಸ್ನಾನದ ಪುಸ್ತಕ ಹೆಸರು ಹೇಳುತ್ತದೆ. ಉಯಿಲು ಯಾರ ಮೇಲೆ ಪ್ರೀತಿ, ಯಾರ ಮೇಲೆ ಮುನಿಸು, ಹಾಸಿಗೆ ಯಾರಿಗೆ, ಕಬ್ಬಿಣದ ಮಡಕೆ ಯಾರಿಗೆ ಎಂಬುದನ್ನೂ ಹೇಳುತ್ತದೆ. ಅದರ ಹಿಂದೆಯೇ ನೆರೆಹೊರೆಯ ಇಬ್ಬರು ಮೂವರು ಬಂದು ಸತ್ತವನ ಮನೆಯನ್ನು ಕೋಣೆ ಕೋಣೆಯಾಗಿ ಸುತ್ತಿ ಸ್ವತ್ತಿನ ಪಟ್ಟಿ ಮಾಡುತ್ತಿದ್ದರು. ಪ್ರತಿಯೊಂದು ವಸ್ತುವಿನ ಎದುರಿಗೆ ಅದರ ಬೆಲೆ.

ಪೂರ್ವಜರನ್ನು ಹುಡುಕುವವರಲ್ಲಿ ಅನೇಕರು ಉಯಿಲುಗಳ ಮೊದಲ ಪುಟವನ್ನು ಹಾರಿಸಿಬಿಡುತ್ತಾರೆ. ಅಲ್ಲಿರುವುದು ಧರ್ಮಶಾಸ್ತ್ರ. ಸಾಮಾನ್ಯವಾಗಿ ದೇವರ ಹೆಸರಿನಿಂದ ಆರಂಭ. ದೇಹ ಕುಗ್ಗಿದೆ, ಬುದ್ಧಿ ಸ್ವಸ್ಥವಾಗಿದೆ ಎಂಬ ಹೇಳಿಕೆ. ಆತ್ಮವನ್ನು ಕೊಟ್ಟ ದೇವರಿಗೇ ಅರ್ಪಣೆ. ಪುನರುತ್ಥಾನದ ನಂಬಿಕೆಯಿಂದ ದೇಹ ಮಣ್ಣಿಗೆ. ದೇವರು ದಯಪಾಲಿಸಿದ ಲೌಕಿಕ ಸ್ವತ್ತಿನ ಹಂಚಿಕೆ ಅದಾದ ಮೇಲೆ. ಇದನ್ನು ಓದಿ ತಮ್ಮ ಮುತ್ತಜ್ಜ ಮಹಾ ದೈವಭಕ್ತನೆಂದು ಬೀಗುವವರುಂಟು. ಬೀಗುವ ಮುಂಚೆ ಅದೇ ಊರಿನ ಇನ್ನೊಂದು ಉಯಿಲನ್ನು ತೆಗೆದು ನೋಡುವುದು ಒಳ್ಳೆಯದು. ಅಲ್ಲೂ ಅದೇ ಭಕ್ತಿ, ಅದೇ ವಾಕ್ಯ, ಅದೇ ಕೈಬರಹ ಇದ್ದರೆ ಭಕ್ತಿ ಗುಮಾಸ್ತನದು.

ಹಂಚಿಕೆಯ ಸಾಲುಗಳ ಮುಂಚೆ ಇನ್ನೊಂದು ಮಾತು ಮತ್ತೆ ಮತ್ತೆ ಬರುತ್ತದೆ: ನ್ಯಾಯವಾಗಿ ಕೊಡಬೇಕಾದ ಸಾಲವನ್ನೆಲ್ಲ ಮೊದಲು ತೀರಿಸತಕ್ಕದ್ದು. ಇದು ಬರೀ ಬಾಯಿಮಾತಾಗಿರಲಿಲ್ಲ, ಕಾನೂನೇ ಆಗಿತ್ತು. ಸಾಲ ಕೊಟ್ಟವರು ಮೊದಲು, ವಾರಸುದಾರರು ಆಮೇಲೆ. ಸ್ವತ್ತು ಸಾಲಕ್ಕೇ ಸಾಲದಿದ್ದರೆ ಮಕ್ಕಳ ಕೈಗೆ ಏನೂ ಬರುತ್ತಿರಲಿಲ್ಲ. ಹಾಗೆಂದು ಅಪ್ಪನ ಸಾಲಕ್ಕೆ ಮಗನ ಸ್ವಂತ ಗಂಟನ್ನು ಯಾರೂ ಮುಟ್ಟುವಂತಿರಲಿಲ್ಲ. ಕೈಗೆ ಬಂದ ಪಾಲಿನ ಮಟ್ಟಿಗೆ ಮಾತ್ರ ಅವನು ಬಾಧ್ಯಸ್ಥ.

ಪೂರ್ವಜರ ಹುಡುಕಾಟದ ಒಳಗೆ ಅಡಗಿರುವ ಧಾರ್ಮಿಕ ಪ್ರಶ್ನೆಯನ್ನು ಕೋರ್ಟಿನ ಈ ನಿಯಮ ಎಷ್ಟೋ ಪ್ರವಚನಗಳಿಗಿಂತ ಸ್ಪಷ್ಟವಾಗಿ ಎದುರಿಗಿಡುತ್ತದೆ. ಸತ್ತವರಿಂದ ಬದುಕಿರುವವರಿಗೆ ಬರುವುದು ಏನು? ಪುಣ್ಯ ಬರುತ್ತದೆಯೆ? ಪಾಪ ಬರುತ್ತದೆಯೆ? ಪುಣ್ಯ ಬರುತ್ತದೆ, ಪಾಪ ಬರುವುದಿಲ್ಲ ಎನ್ನಲು ಯಾವ ಶಾಸ್ತ್ರದ ಆಧಾರ?

ನ್ಯೂ ಇಂಗ್ಲೆಂಡಿನ ಪ್ಯೂರಿಟನ್ ಪಂಥದ ವಸಾಹತುಗಾರರಿಗೆ ಇದು ಹೊಟ್ಟೆ ತುಂಬಿದವರ ಚರ್ಚೆಯಾಗಿರಲಿಲ್ಲ. ಅವರ ಚರ್ಚಿನಲ್ಲಿ ಪೂರ್ಣ ಸದಸ್ಯನಾಗಬೇಕಾದರೆ ದೇವರ ಕೃಪೆ ತನ್ನನ್ನು ಮುಟ್ಟಿದ ಅನುಭವವನ್ನು ಸಭೆಯ ಮುಂದೆ ಹೇಳಬೇಕಿತ್ತು. ಮೊದಲು ಬಂದವರು ಹೇಳಿದರು. ಅವರ ಮಕ್ಕಳಿಗೆ ದೀಕ್ಷಾಸ್ನಾನವಾಯಿತು. ಆದರೆ ಆ ಮಕ್ಕಳು ಬೆಳೆದು ದೊಡ್ಡವರಾದಾಗ ಅವರಲ್ಲಿ ಎಷ್ಟೋ ಜನರಿಗೆ ಹೇಳಿಕೊಳ್ಳಲು ಅಂಥ ಅನುಭವವೇ ಇರಲಿಲ್ಲ. ಹಾಗಾದರೆ ಮೊಮ್ಮಕ್ಕಳ ಗತಿ? ಅಜ್ಜನ ಭಕ್ತಿ ಮೊಮ್ಮಗನವರೆಗೆ ಹರಿಯುತ್ತದೆಯೆ? 1662ರಲ್ಲಿ ಬಾಸ್ಟನ್ನಿನಲ್ಲಿ ಸೇರಿದ ಪಾದ್ರಿಗಳ ಸಭೆ ನಡುದಾರಿ ಹಿಡಿಯಿತು: ಮೊಮ್ಮಗುವಿಗೆ ದೀಕ್ಷಾಸ್ನಾನ ಕೊಡಬಹುದು, ಆದರೆ ಅದರ ಅಪ್ಪ ಅಮ್ಮ ಪ್ರಭುಭೋಜನಕ್ಕೆ ಬರುವಂತಿಲ್ಲ. ಅರ್ಧದಾರಿಯ ಒಡಂಬಡಿಕೆಯೆಂದೇ ಅದಕ್ಕೆ ಹೆಸರು ಬಿತ್ತು. ಪಾದ್ರಿಗಳಲ್ಲಿ ತಂದೆ ರಿಚರ್ಡ್ ಮೇದರ್ ಇದರ ಪರ, ಮಗ ಇಂಕ್ರೀಸ್ ಮೇದರ್ ಮೊದಮೊದಲು ಇದರ ವಿರುದ್ಧ. ವಂಶಪಾರಂಪರ್ಯದ ಪ್ರಶ್ನೆಯಲ್ಲಿ ಅಪ್ಪ ಮಗನೇ ಎದುರಾಳಿಗಳು. ಅಂದು ದಂಪತಿಗಳು ಒಡಂಬಡಿಕೆಯನ್ನು ಒಪ್ಪಿಕೊಂಡರೆಂದು ಪಾದ್ರಿ ಬರೆದಿಟ್ಟ ಟಿಪ್ಪಣಿಗಳು ಇಂದು ವಂಶಾವಳಿ ಹುಡುಕುವವರಿಗೆ ನಿಧಿಯಿದ್ದಂತೆ. ಮೊದಲ ಮಗು ಹುಟ್ಟಿದ ಕಾಲವನ್ನು ಅದರಿಂದ ಅಂದಾಜು ಮಾಡಬಹುದು.

ಸ್ವತ್ತಿನ ವಿಷಯದಲ್ಲೂ ಅವರಿಗೆ ಬೈಬಲ್ಲೇ ಕಾನೂನು ಪುಸ್ತಕ. ಮ್ಯಾಸಚೂಸೆಟ್ಸ್ 1641ರಲ್ಲಿ ಹೊರಡಿಸಿದ ಸ್ವಾತಂತ್ರ್ಯಗಳ ಸಂಹಿತೆಯಲ್ಲಿ, ಉಯಿಲು ಬರೆಯದೆ ಸತ್ತವನ ಹಿರಿಯ ಮಗನಿಗೆ ಎರಡು ಪಾಲು ಎಂಬ ನಿಯಮವಿದೆ. ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲೂ ಹಿರಿಯನಿಗೆ ಎರಡು ಪಾಲೇ. ಅದೇ ಸಂಹಿತೆಯಲ್ಲಿ ಸ್ವಲ್ಪ ಮುಂದೆ ಇನ್ನೊಂದು ನಿಯಮವಿದೆ: ನ್ಯಾಯಯುದ್ಧದಲ್ಲಿ ಸೆರೆಸಿಕ್ಕವರನ್ನೂ ಮಾರಾಟಕ್ಕೆ ಬಂದ ಪರಕೀಯರನ್ನೂ ಗುಲಾಮರಾಗಿ ಇಟ್ಟುಕೊಳ್ಳಬಹುದು. ಮಗನಿಗೆ ಎರಡು ಪಾಲು ಕೊಟ್ಟ ಕೈಯೇ ಆ ಪಾಲಿನೊಳಗೆ ಮನುಷ್ಯರನ್ನು ಸೇರಿಸಲು ದಾರಿಯನ್ನೂ ಮಾಡಿಕೊಟ್ಟಿತು.

ಈ ಕಥೆಯಲ್ಲಿ ಜೋನಾಥನ್ ಎಡ್ವರ್ಡ್ಸ್‌ನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ವಸಾಹತು ಅಮೆರಿಕ ಕಂಡ ಅತ್ಯಂತ ಚುರುಕು ಬುದ್ಧಿಯ ಧರ್ಮಚಿಂತಕ ಅವನು. ಅಜ್ಜ ಸಾಲೊಮನ್ ಸ್ಟಾಡರ್ಡ್ ನಾರ್ಥಾಂಪ್ಟನ್ ಚರ್ಚಿನಲ್ಲಿ ಪ್ರಭುಭೋಜನದ ನಿಯಮವನ್ನು ಸಡಿಲಿಸಿದ್ದ. ಮೊಮ್ಮಗ ಅದನ್ನು ಮತ್ತೆ ಬಿಗಿ ಮಾಡಲು ಹೋದ. 1750ರಲ್ಲಿ ಸಭೆ ಅವನನ್ನೇ ಹೊರಗೆ ಹಾಕಿತು. ಅವನ ಕೊನೆಯ ದೊಡ್ಡ ಗ್ರಂಥದ ವಿಷಯ ಮೂಲಪಾಪ. ಆದಾಮ ಮಾಡಿದ ತಪ್ಪಿಗೆ ಇಂದಿನ ಕೂಸು ಏಕೆ ಹೊಣೆಯಾಗಬೇಕು ಎಂಬುದು ಆ ಕಾಲದ ಸುಧಾರಕರ ಆಕ್ಷೇಪ. ಎಡ್ವರ್ಡ್ಸ್ ಹಿಂಜರಿಯದೆ ಉತ್ತರ ಕೊಟ್ಟ. ಬೇರೂ ಕೊಂಬೆಯೂ ಸೇರಿ ಒಂದೇ ಮರವಾಗಿರುವಂತೆ ಆದಾಮನೂ ಅವನ ಸಂತಾನವೂ ದೇವರ ಕಟ್ಟಳೆಯಲ್ಲಿ ಒಂದೇ. ಅಷ್ಟಕ್ಕೂ ನಿನ್ನೆಯ ಮನುಷ್ಯ ಇಂದೂ ಅದೇ ಮನುಷ್ಯನಾಗಿ ಉಳಿದಿರುವುದು ಕೂಡ ದೇವರ ಆ ಕಟ್ಟಳೆಯಿಂದಲೇ. ನಿನ್ನೆಯ ತನ್ನ ತಪ್ಪಿಗೆ ಇಂದು ಹೊಣೆಗಾರನಾಗುವವನು ಆದಾಮನ ತಪ್ಪಿಗೆ ಏಕೆ ಆಗಬಾರದು? ತರ್ಕ ಒಪ್ಪಿಗೆಯಾಗಲಿ ಬಿಡಲಿ, ಅದರ ಧೈರ್ಯವನ್ನು ಮೆಚ್ಚಲೇಬೇಕು.

ಆ ಗ್ರಂಥ ಅಚ್ಚಿನಲ್ಲಿದ್ದಾಗಲೇ, 1758ರ ಮಾರ್ಚ್‌ನಲ್ಲಿ, ಸಿಡುಬಿಗೆ ಹಾಕಿಸಿಕೊಂಡ ಚುಚ್ಚುಮದ್ದು ತಿರುಗಿಬಿದ್ದು ಎಡ್ವರ್ಡ್ಸ್ ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡ. ಅವನ ಸ್ವತ್ತಿನ ಪಟ್ಟಿಯಲ್ಲಿ ಟೈಟಸ್ ಎಂಬ ಕಪ್ಪು ಹುಡುಗನಿದ್ದಾನೆ. ಎದುರಿಗೆ ಬೆಲೆ 30 ಪೌಂಡ್. ಅದಕ್ಕಿಂತ ಬಹಳ ಮುಂಚೆ, 1731ರಲ್ಲಿ, ಎಡ್ವರ್ಡ್ಸ್ ನ್ಯೂಪೋರ್ಟ್‌ಗೆ ಹೋಗಿ ವೀನಸ್ ಎಂಬ ಸುಮಾರು 14 ವರ್ಷದ ಹುಡುಗಿಯನ್ನು 80 ಪೌಂಡ್ ಕೊಟ್ಟು ಕೊಂಡುಕೊಂಡ ಪತ್ರವೂ ಉಳಿದಿದೆ. ಆದಾಮನ ತಪ್ಪು ಸಾವಿರಾರು ವರ್ಷ ದಾಟಿ ಬಂದು ಕೂಸಿಗೆ ಅಂಟುತ್ತದೆಂದು ಕಂಡವನಿಗೆ ಮನೆಯೊಳಗಿನ ತಪ್ಪು ಕಾಣಲಿಲ್ಲ. ಮಗ, ಕಿರಿಯ ಜೋನಾಥನ್ ಎಡ್ವರ್ಡ್ಸ್, 1791ರಲ್ಲಿ ಗುಲಾಮಗಿರಿಯ ವಿರುದ್ಧ ಬಹಿರಂಗವಾಗಿ ಪ್ರವಚನ ಮಾಡಿದ.

ಎಡ್ವರ್ಡ್ಸ್‌ನ ವಂಶ ಮುಂದೆ ಒಂದು ವಿಚಿತ್ರ ಬಳಕೆಗೆ ಬಂತು. 1900ರಲ್ಲಿ ಆಲ್ಬರ್ಟ್ ವಿನ್‌ಶಿಪ್ ಎಂಬ ಶಿಕ್ಷಣತಜ್ಞ ಅವನ ಸುಮಾರು 1400 ವಂಶಸ್ಥರನ್ನು ಹುಡುಕಿ ಪಟ್ಟಿ ಮಾಡಿದ. ಕಾಲೇಜು ಅಧ್ಯಕ್ಷರು, ನ್ಯಾಯಾಧೀಶರು, ಪಾದ್ರಿಗಳು, ಲೇಖಕರು. ಇನ್ನೊಂದು ಕಡೆ ಜೈಲು, ಭಿಕ್ಷೆ ಎಂದು ಹೆಸರು ಕೆಡಿಸಿಕೊಂಡ ಇನ್ನೊಂದು ಕುಟುಂಬವನ್ನು ಇಟ್ಟು ತೂಗಿದ. ಒಳ್ಳೆಯ ಬೀಜಕ್ಕೆ ಒಳ್ಳೆಯ ಫಲ! ಅದೇ ವಂಶದ ಮೊಮ್ಮಗ, ಉಪಾಧ್ಯಕ್ಷನಾಗಿದ್ದ ಆರನ್ ಬರ್, 1804ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನನ್ನು ಗುಂಡಿಟ್ಟು ಕೊಂದಿದ್ದ. ಮೇಲಕ್ಕೆ ಹತ್ತಿದರೆ ಎಡ್ವರ್ಡ್ಸ್‌ನ ಅಜ್ಜಿ ಎಲಿಜಬೆತ್ ಟಟಲ್. ವ್ಯಭಿಚಾರದ ಆರೋಪದ ಮೇಲೆ ಗಂಡ ಅವಳನ್ನು 1691ರಲ್ಲಿ ಬಿಟ್ಟಿದ್ದ. ಅವಳ ತಮ್ಮ ತನ್ನ ಅಕ್ಕನನ್ನೇ ಕೊಡಲಿಯಿಂದ ಕೊಂದು ಗಲ್ಲಿಗೇರಿದ್ದ. ಯಾವ ಕೊಂಬೆಯನ್ನು ಹಿಡಿದು ಎಳೆಯುತ್ತೇವೆಯೋ ಅದಕ್ಕೆ ತಕ್ಕ ಫಲ. ಲೆಕ್ಕವೇ ಹಾಗಿದೆ: ಹನ್ನೆರಡು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬನಿಗೂ 4096 ಪೂರ್ವಜರ ಸ್ಥಾನಗಳು. ಒಂದೇ ವ್ಯಕ್ತಿ ಎರಡು ಮೂರು ಸ್ಥಾನಗಳಲ್ಲಿ ಕೂರಬಹುದು ಎಂದರೂ ನೂರಾರು ಜನರಂತೂ ಉಳಿಯುತ್ತಾರೆ. ಅಷ್ಟರಲ್ಲಿ ಒಬ್ಬನನ್ನು ಆರಿಸಿ ಗೋಡೆಗೆ ತೂಗುಹಾಕುವುದು ಆರಿಸಿದವನ ಅಭಿರುಚಿಯನ್ನು ಹೇಳುತ್ತದೆ, ರಕ್ತದ ಗುಣವನ್ನಲ್ಲ.

ಪಾಪದ ವಾರಸಿಕೆಯನ್ನು ಕುರಿತು ಬೈಬಲ್ಲೇ ಎರಡು ಮಾತಾಡುತ್ತದೆ. ತಂದೆಯ ಅಪರಾಧ ಮೂರು ನಾಲ್ಕು ತಲೆಮಾರಿನವರೆಗೆ ಮಕ್ಕಳನ್ನು ಕಾಡುತ್ತದೆಂದು ವಿಮೋಚನಕಾಂಡ. ಮಗ ತಂದೆಯ ದೋಷವನ್ನು ಹೊರುವುದಿಲ್ಲವೆಂದು ಯೆಹೆಜ್ಕೇಲ. ಈ ಎರಡರ ನಡುವೆ ಸಿಕ್ಕಿಕೊಂಡವನು ಸ್ಯಾಮ್ಯುಯೆಲ್ ಸೀವಾಲ್. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಮ್ಮಿನಲ್ಲಿ ನಡೆದ ಮಾಟಗಾತಿ ವಿಚಾರಣೆಯ ನ್ಯಾಯಾಧೀಶರಲ್ಲಿ ಅವನೂ ಒಬ್ಬ. 1696ರಲ್ಲಿ ಅವನಿಗೆ ಒಂದು ಮಗು ಸತ್ತೇ ಹುಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪುಟ್ಟ ಮಗಳು ಸಾರಾ ತೀರಿಕೊಂಡಳು. ದೇವರು ತನ್ನ ತಪ್ಪಿನ ಲೆಕ್ಕವನ್ನು ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಿದ್ದಾನೆಂಬ ಭಯ ಅವನಿಗೆ ಹಿಡಿಯಿತು. 1697ರ ಜನವರಿ 14ರಂದು ಬಾಸ್ಟನ್ನಿನ ಚರ್ಚಿನಲ್ಲಿ ಪಾದ್ರಿಯ ಕೈಗೆ ಒಂದು ಚೀಟಿ ಕೊಟ್ಟು, ಅದನ್ನು ಓದಿ ಮುಗಿಸುವವರೆಗೆ ಸಭೆಯ ನಡುವೆ ಎದ್ದು ನಿಂತ. ಸೇಲಮ್ಮಿನ ದೋಷವನ್ನೂ ನಾಚಿಕೆಯನ್ನೂ ತಾನು ಹೊರುತ್ತೇನೆ, ಅದು ತನ್ನ ಮನೆಯವರ ಮೇಲೂ ನಾಡಿನ ಮೇಲೂ ಬೀಳದಿರಲಿ ಎಂಬುದು ಅದರ ಸಾರ. ಮೂರು ವರ್ಷದ ಮೇಲೆ, 1700ರಲ್ಲಿ, ಗುಲಾಮಗಿರಿಯನ್ನು ಖಂಡಿಸಿ ನ್ಯೂ ಇಂಗ್ಲೆಂಡಿನಲ್ಲಿ ಅಚ್ಚಾದ ಮೊದಲ ಕಿರುಹೊತ್ತಗೆಯನ್ನೂ ಅವನೇ ಬರೆದ.

ಅದೇ ಪೀಠದಲ್ಲಿದ್ದ ಜಾನ್ ಹಾಥಾರ್ನ್ ಪಶ್ಚಾತ್ತಾಪ ಪಟ್ಟ ದಾಖಲೆಯಿಲ್ಲ. ಆ ಕೆಲಸ ಅವನ ವಂಶದ ಕಾದಂಬರಿಕಾರ ನಥಾನಿಯೆಲ್ ಹಾಥಾರ್ನ್‌ನ ಪಾಲಿಗೆ ಬಂತು. ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಸೇರಿಸಿಕೊಂಡ ಅವನು, 1850ರಲ್ಲಿ ತನ್ನ ಪ್ರಸಿದ್ಧ ಕಾದಂಬರಿಯ ಮುನ್ನುಡಿಯಲ್ಲಿ ಅವರ ನಾಚಿಕೆಯನ್ನು ತಾನೇ ಹೊತ್ತುಕೊಂಡ.

ಸೇಲಮ್ಮಿನಲ್ಲಿ ಉಯಿಲಿನ ಕಥೆಯೂ ಇದೆ. ಗಲ್ಲಿಗೇರಿದ ಜಾನ್ ಪ್ರಾಕ್ಟರ್ ಜೈಲಿನಲ್ಲಿದ್ದಾಗ ಆದ ಉಯಿಲಿನಲ್ಲಿ ಹೆಂಡತಿ ಎಲಿಜಬೆತ್‌ಗೆ ಏನೂ ಇರಲಿಲ್ಲ. ಅವಳಿಗೂ ಮರಣದಂಡನೆಯಾಗಿತ್ತು, ಬಸುರಿಯಾದ್ದರಿಂದ ಬದುಕುಳಿದಿದ್ದಳು. ಕಾನೂನಿನ ಕಣ್ಣಿನಲ್ಲಿ ಸತ್ತವಳಾದ ಅವಳು ಗಂಡನ ಸ್ವತ್ತಿನಲ್ಲಿ ಪಾಲು ಕೇಳಿಕೊಂಡು 1696ರಲ್ಲಿ ಅರ್ಜಿ ಹಾಕಬೇಕಾಯಿತು. 1711ರಲ್ಲಿ ವಸಾಹತು ತೀರ್ಪುಗಳನ್ನು ರದ್ದು ಮಾಡಿ ಸಂತ್ರಸ್ತರ ಮನೆಗಳಿಗೆ ಒಟ್ಟು 578 ಪೌಂಡ್ 12 ಷಿಲಿಂಗ್ ಪರಿಹಾರ ಹಂಚಿತು. ಅದರಲ್ಲಿ ಪ್ರಾಕ್ಟರ್ ಮನೆಗೆ 150. ಪಟ್ಟಿಯಲ್ಲಿ ಬಿಟ್ಟುಹೋದವರೂ ಇದ್ದರು. ಎಲಿಜಬೆತ್ ಜಾನ್ಸನ್ ಎಂಬವಳು ಮದುವೆಯಾಗದೆ, ಮಕ್ಕಳಿಲ್ಲದೆ ಸತ್ತಿದ್ದರಿಂದ ಅವಳಿಗಾಗಿ ಓಡಾಡುವ ವಂಶಸ್ಥರೇ ಇರಲಿಲ್ಲ. ಕೊನೆಗೆ ಒಂದು ಶಾಲೆಯ ಎಂಟನೆಯ ತರಗತಿಯ ಮಕ್ಕಳು ಪಟ್ಟು ಹಿಡಿದು 2022ರಲ್ಲಿ ಶಾಸನಸಭೆಯಿಂದ ಅವಳನ್ನು ನಿರ್ದೋಷಿಯೆಂದು ಘೋಷಿಸುವಂತೆ ಮಾಡಿದರು. ಅವರಿಗೂ ಅವಳಿಗೂ ರಕ್ತಸಂಬಂಧ ಬೇಕಾಗಲಿಲ್ಲ.

ದಕ್ಷಿಣಕ್ಕೆ ಇಳಿದಂತೆ ಸ್ವತ್ತಿನ ಪಟ್ಟಿಗಳಲ್ಲಿ ಮನುಷ್ಯರ ಹೆಸರು ಹೆಚ್ಚುತ್ತದೆ. ವರ್ಜೀನಿಯಾ 1662ರಲ್ಲಿ ಒಂದು ಕಾನೂನು ಮಾಡಿತು: ಮಗುವಿನ ಸ್ಥಿತಿ ತಾಯಿಯ ಸ್ಥಿತಿಯೇ. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಅಪ್ಪ ಆ ಮನೆಯ ಒಡೆಯನೇ ಆಗಿದ್ದರೂ. ಇಂಗ್ಲೆಂಡಿನಲ್ಲಿ ತಂದೆಯ ಕಡೆಯಿಂದ ಹರಿಯುತ್ತಿದ್ದ ವಾರಸಿಕೆಯನ್ನು ಲಾಭಕ್ಕಾಗಿ ತಿರುಗಿಸಿದ್ದು ಇದು. 1667ರಲ್ಲಿ ಇನ್ನೊಂದು ಕಾನೂನು: ದೀಕ್ಷಾಸ್ನಾನ ಪಡೆದ ಮಾತ್ರಕ್ಕೆ ಗುಲಾಮ ಬಿಡುಗಡೆಯಾಗುವುದಿಲ್ಲ. ಆತ್ಮ ಕ್ರಿಸ್ತನದು, ಮೈ ಒಡೆಯನದು. ಕ್ರೈಸ್ತ ಧರ್ಮ ಒಂದು ಶಾಸನಸಭೆಯ ಮುಂದೆ ಇಷ್ಟು ಅಗ್ಗವಾಗಿ ಸೋತ ಉದಾಹರಣೆಗಳು ಹೆಚ್ಚಿಲ್ಲ. (ಈ ದಾಖಲೆಗಳಲ್ಲಿ ಭಾರತದವನೂ ಒಬ್ಬ ಸಿಗುತ್ತಾನೆ. ಕರೆತಂದ ತಲೆಗೊಂದಕ್ಕೆ 50 ಎಕರೆಯಂತೆ ವರ್ಜೀನಿಯಾ ಜಮೀನು ಕೊಡುತ್ತಿದ್ದ ಕಾಲದಲ್ಲಿ, 1635ರ ಒಂದು ಪಟ್ಟಿಯಲ್ಲಿ ಈಸ್ಟ್ ಇಂಡಿಯನ್ ಟೋನಿ ಎಂಬ ಹೆಸರಿದೆ. ಊರು, ಭಾಷೆ ಯಾವುದನ್ನೂ ಬರೆದಿಲ್ಲ.)

ವಂಶಾವಳಿ ಸಾಬೀತು ಮಾಡುವುದು ಕೆಲವರಿಗೆ ಪ್ರತಿಷ್ಠೆಯ ಮಾತಾದರೆ ಇನ್ನು ಕೆಲವರಿಗೆ ಸಂಕೋಲೆ ಕಳಚುವ ಮಾತಾಗಿತ್ತು. ಮೇರಿಲ್ಯಾಂಡಿನಲ್ಲಿ 1681ರ ಸುಮಾರಿಗೆ ಎಲಿನರ್ ಬಟ್ಲರ್ ಎಂಬ ಐರಿಷ್ ಕೆಲಸದಾಕೆ ಚಾರ್ಲ್ಸ್ ಎಂಬ ಗುಲಾಮನನ್ನು ಮದುವೆಯಾದಳು. ಗುಲಾಮನನ್ನು ಮದುವೆಯಾದ ಸ್ವತಂತ್ರ ಹೆಂಗಸು ಗಂಡನ ಜೀವಮಾನವಿಡೀ ಅವನ ಒಡೆಯನಿಗೆ ದುಡಿಯಬೇಕು, ಅವಳ ಮಕ್ಕಳೂ ಗುಲಾಮರು ಎಂಬ 1664ರ ಕಾನೂನು ಆಗ ಜಾರಿಯಲ್ಲಿತ್ತು. ಬೇಡವೆಂದು ವಸಾಹತಿನ ಒಡೆಯ ಲಾರ್ಡ್ ಬಾಲ್ಟಿಮೋರ್ ತಾನೇ ಎಚ್ಚರಿಸಿದರೂ ಅವಳು ಕೇಳಲಿಲ್ಲವಂತೆ. ಅವಳ ವಂಶದ ವಿಲಿಯಂ ಮತ್ತು ಮೇರಿ 1770ರಲ್ಲಿ ಬಿಡುಗಡೆ ಕೋರಿ ಕೋರ್ಟಿಗೆ ಹೋದರು. ಎಲಿನರ್‌ಳನ್ನು ಕಂಡವರು, ಕಂಡವರಿಂದ ಕೇಳಿದವರು ಎಂದು ಮುದುಕರನ್ನು ಹುಡುಕಿ ಹುಡುಕಿ ಸಾಕ್ಷ್ಯ ಬರೆಸಿಕೊಳ್ಳಲಾಯಿತು. ಕೊನೆಯಲ್ಲಿ ಅವರು ಸೋತರು. ಅವರ ಮಗಳು, ಅವಳೂ ಮೇರಿಯೇ, 1787ರಲ್ಲಿ ಗೆದ್ದಳು. ಮುತ್ತಜ್ಜಿಯೊಬ್ಬಳ ಹಟದ ಮದುವೆ ಒಂದು ಶತಮಾನ ಕಳೆದ ಮೇಲೆ ಬಿಡುಗಡೆಯ ಪತ್ರವಾಯಿತು.

ಬಟ್ಲರ್ ಮನೆಯವರಷ್ಟು ಅದೃಷ್ಟ ಎಲ್ಲರಿಗೂ ಇರಲಿಲ್ಲ. ಆಫ್ರಿಕನ್ ಮೂಲದ ಅಮೆರಿಕನ್ನರು ತಮ್ಮ ಹಿರೀಕರನ್ನು ಹುಡುಕುತ್ತ ಹೋದರೆ 1870ರಲ್ಲಿ ಗೋಡೆ ಎದುರಾಗುತ್ತದೆ. ಹಿಂದಿನ ಗುಲಾಮರನ್ನು ಹೆಸರು ಹಿಡಿದು ಬರೆದುಕೊಂಡ ಮೊದಲ ಜನಗಣತಿ ಅದು. ಅದಕ್ಕಿಂತ ಹಿಂದಿನ ಎರಡು ಗಣತಿಗಳ ಗುಲಾಮರ ಪಟ್ಟಿಗಳಲ್ಲಿ ಇರುವುದು ಒಡೆಯನ ಹೆಸರು, ಕೆಳಗೆ ವಯಸ್ಸು, ಲಿಂಗ, ಮೈಬಣ್ಣ. ಗೋಡೆಯಾಚೆ ಹೋಗಬೇಕಾದರೆ ಒಡೆಯರ ಉಯಿಲನ್ನೇ ಓದಬೇಕು. ತನ್ನ ಅಜ್ಜಿಯ ಅಜ್ಜಿಯ ಹೆಸರು, ಪಕ್ಕದಲ್ಲಿ ಅವಳ ಬೆಲೆಯ ಸಮೇತ, ಕುದುರೆ ಮತ್ತು ತಾಮ್ರದ ಹಂಡೆಯ ನಡುವೆ ಸಿಗಬಹುದು. ಅದೇ ಕಾಗದವನ್ನು ಇನ್ನೊಬ್ಬಾತ ವಂಶಸ್ಥರ ಸಂಘದ ಸದಸ್ಯತ್ವಕ್ಕೆ ಲಗತ್ತಿಸುತ್ತಿರಬಹುದು. ಇಬ್ಬರೂ ಒಬ್ಬನೇ ಮುತ್ತಜ್ಜನ ಸಂತಾನ ಆಗಿರುವುದೂ ಅಪರೂಪವಲ್ಲ.

ಸತ್ತವರಿಗಾಗಿ ಬದುಕಿರುವವರು ಏನಾದರೂ ಮಾಡಬಹುದೆ ಎಂಬ ಪ್ರಶ್ನೆಗೆ ಮಾರ್ಮನ್ ಸಂಪ್ರದಾಯದವರ ಉತ್ತರ ವಿಶಿಷ್ಟ. ಅದರ ಸ್ಥಾಪಕ ಜೋಸೆಫ್ ಸ್ಮಿತ್ 1840ರಲ್ಲಿ ಬೋಧಿಸಿದಂತೆ, ಸತ್ತ ಪೂರ್ವಜನ ಹೆಸರಿನಲ್ಲಿ ಬದುಕಿರುವವನು ನೀರಿಗಿಳಿದು ದೀಕ್ಷಾಸ್ನಾನ ಪಡೆಯಬಹುದು. ಒಪ್ಪುವುದು ಬಿಡುವುದು ಸತ್ತವನಿಗೆ ಬಿಟ್ಟದ್ದು. ಅದಕ್ಕೆ ಹೆಸರು ಬೇಕು, ಹೆಸರಿಗೆ ದಾಖಲೆ ಬೇಕು. ಆದ್ದರಿಂದಲೇ ಅವರು 1894ರಲ್ಲಿ ಯೂಟಾದಲ್ಲಿ ವಂಶಾವಳಿ ಸಂಘ ಕಟ್ಟಿದರು. 1938ರಿಂದ ಲೋಕದ ದಾಖಲೆಗಳನ್ನೆಲ್ಲ ಮೈಕ್ರೋಫಿಲ್ಮ್ ಮಾಡುತ್ತ ಬಂದು, ಸಾಲ್ಟ್ ಲೇಕ್ ಸಿಟಿಯ ಬಳಿ ಗ್ರಾನೈಟ್ ಬೆಟ್ಟವನ್ನೇ ಕೊರೆದು ಸುಮಾರು 24 ಲಕ್ಷ ಸುರುಳಿಗಳನ್ನು ಅಲ್ಲಿ ಕಾಪಿಟ್ಟರು. ವಸಾಹತು ಕಾಲದ ಉಯಿಲುಗಳು ಇಂದು ಮನೆಯಲ್ಲೇ ಕೂತು ಓದಲು ಸಿಗುತ್ತಿರುವುದು ಬಹುಮಟ್ಟಿಗೆ ಇವರಿಂದ. ಹರಿದ್ವಾರದ ಪಂಡಾಗಳು ಯಾತ್ರಿಕರ ವಂಶವನ್ನು ಬರೆದಿಡುವ ವಹಿಗಳನ್ನೂ ಅವರು ಬಿಡಲಿಲ್ಲ. ಅಸ್ಥಿ ಬಿಡಲು ಹೋದ ಮೊಮ್ಮಗ ಅಜ್ಜನ ರುಜು ಕಂಡು ಬೆರಗಾಗುವ ಪುಟಗಳೇ ಅವು. ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳುವವರಿಗೆ ಈ ಕಾಳಜಿ ಅರ್ಥವಾಗದ್ದೇನಲ್ಲ. ಆದರೆ ನಾಜಿಗಳ ಕೈಯಲ್ಲಿ ಸತ್ತ ಯಹೂದಿಗಳಿಗೂ ಈ ಸ್ನಾನ ಮಾಡಿಸಿದಾಗ ಅವರ ಬಂಧುಗಳು ಸಿಡಿದೆದ್ದರು. ಅದನ್ನು ನಿಲ್ಲಿಸುವುದಾಗಿ 1995ರಲ್ಲಿ ಒಪ್ಪಂದವಾಯಿತು. ಸತ್ತವರಿಗೆ ಸ್ವರ್ಗ ಕೊಡಿಸುವುದು, ಅವರ ಮನೆಯವರನ್ನು ಕೇಳದಿದ್ದರೆ, ಅತಿಕ್ರಮಣವೇ.

ಮೊದಲು ಸಾಲ, ಆಮೇಲೆ ಪಾಲು ಎಂಬ ಕೋರ್ಟಿನ ಹಳೆಯ ನಿಯಮವೇ ವಾಸಿ. ಮೊಮ್ಮಗ ಅಪರಾಧಿಯಲ್ಲ, ಯೆಹೆಜ್ಕೇಲನ ಮಾತು ಸರಿ. ಆದರೆ ಪಾಲು ಪಡೆದವನು ಆ ಪಾಲಿನ ಮೇಲಿದ್ದ ಸಾಲವನ್ನು ತನ್ನದಲ್ಲ ಎನ್ನುವಂತಿಲ್ಲ. ಹೆಸರು, ಜಮೀನು, ಕಾಲೇಜು, ಗೌರವ ಯಾವುದು ಕೈಗೆ ಬಂದಿದೆಯೋ ಅದರ ಅಳತೆಗೆ ಬಾಧ್ಯತೆ. ಹೀಗೆ ನಡೆದುಕೊಂಡವರು ಆಗಲೂ ಇದ್ದರು. ತಂದೆಯಿಂದ 1743ರಲ್ಲಿ, 11ನೆಯ ವಯಸ್ಸಿನಲ್ಲೇ, ಹತ್ತು ಗುಲಾಮರನ್ನು ಪಡೆದ ಜಾರ್ಜ್ ವಾಷಿಂಗ್ಟನ್, 1799ರ ತನ್ನ ಉಯಿಲಿನಲ್ಲಿ ತನಗೆ ಸೇರಿದ 123 ಮಂದಿಯನ್ನು ಬಿಡುಗಡೆ ಮಾಡಿದ. ವಯಸ್ಸಾದವರಿಗೆ ಅನ್ನಬಟ್ಟೆಗೆ ಏರ್ಪಾಡು ಮಾಡಿದ. ಅದೂ ತನ್ನ ಸಾವಿನ ನಂತರ, ಹೆಂಡತಿಯ ಕಾಲದ ನಂತರ! ಅವನಿಗಿಂತ ದೊಡ್ಡವನಾಗಿ ಕಾಣುವವನು ಮೂರನೆಯ ರಾಬರ್ಟ್ ಕಾರ್ಟರ್. ವರ್ಜೀನಿಯಾದ ಅತಿ ಶ್ರೀಮಂತ ಮನೆತನದ ಈ ಮೊಮ್ಮಗ 1778ರಲ್ಲಿ ಬ್ಯಾಪ್ಟಿಸ್ಟ್ ಆದ. 1791ರಲ್ಲಿ, ಇನ್ನೂ ಬದುಕಿರುವಾಗಲೇ, 450ಕ್ಕೂ ಹೆಚ್ಚು ಗುಲಾಮರ ಹೆಸರು ವಯಸ್ಸು ಬರೆದು ಹಂತ ಹಂತವಾಗಿ ಬಿಡುಗಡೆಯ ಪತ್ರ ಸಲ್ಲಿಸಿದ. 

ಸಾಲದ ಮಾತು ಅಕ್ಷರಶಃ ನಿಜವಾದ ಪ್ರಕರಣವೂ ಇದೆ. 1634ರಲ್ಲಿ ಮೇರಿಲ್ಯಾಂಡಿಗೆ ಬಂದ ಜೆಸ್ಯೂಟ್ ಪಾದ್ರಿಗಳು ಅಲ್ಲಿ ತೋಟಗಳನ್ನು ಮಾಡಿಕೊಂಡರು, ಗುಲಾಮರನ್ನು ಇಟ್ಟುಕೊಂಡರು, ಅವರಿಗೆ ದೀಕ್ಷಾಸ್ನಾನ ಕೊಟ್ಟು ಪುಸ್ತಕದಲ್ಲಿ ಬರೆದರು. 1838ರಲ್ಲಿ ಅಂಥ 272 ಮಂದಿಯನ್ನು 1,15,000 ಡಾಲರ್‌ಗೆ ಲೂಯಿಸಿಯಾನಾಗೆ ಮಾರಿದರು. ಸಂಸಾರಗಳನ್ನು ಒಡೆಯಬಾರದು, ಆ ಹಣದಿಂದ ಸಾಲ ತೀರಿಸಬಾರದು ಎಂದು ರೋಮ್ ಷರತ್ತು ಹಾಕಿತ್ತು. ಸಂಸಾರಗಳು ಒಡೆದವು, ಹಣದ ಒಂದು ಭಾಗ ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೇ ಹೋಯಿತು. ಮಾರಾಟದ ಪಟ್ಟಿ ಮತ್ತು ಚರ್ಚಿನ ಪುಸ್ತಕಗಳನ್ನು ಹಿಡಿದು ಇತ್ತೀಚಿನ ವರ್ಷಗಳಲ್ಲಿ ಅವರ ಸಾವಿರಾರು ವಂಶಸ್ಥರನ್ನು ಗುರುತಿಸಲಾಗಿದೆ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ಸಿಗುವ ಪರಿಗಣನೆಯನ್ನೇ ಈ ವಂಶಸ್ಥರಿಗೂ ಕೊಡುವುದಾಗಿ ವಿಶ್ವವಿದ್ಯಾಲಯ 2016ರಲ್ಲಿ ಹೇಳಿತು. ಪಟ್ಟಿಯ ಮೊದಲ ಹೆಸರಾದ ಐಸಾಕ್ ಹಾಕಿನ್ಸ್‌ನ ಹೆಸರನ್ನು 2017ರಲ್ಲಿ ಒಂದು ಕಟ್ಟಡಕ್ಕೆ ಇಟ್ಟಿತು. 2021ರಲ್ಲಿ ಜೆಸ್ಯೂಟರು 10 ಕೋಟಿ ಡಾಲರ್ ಸಂಗ್ರಹಿಸುವ ಮಾತು ಕೊಟ್ಟರು.

ಇಷ್ಟು ದೊಡ್ಡ ಸಂಸ್ಥೆ, ಇಷ್ಟು ಹಣ ಎಲ್ಲರಲ್ಲೂ ಇರುವುದಿಲ್ಲ. ಆದರೆ ಅಟ್ಟದ ಪೆಟ್ಟಿಗೆಯಲ್ಲಿ ಮುತ್ತಜ್ಜನ ಉಯಿಲು ಇರುವವರು ಮಾಡಬಹುದಾದ ಕೆಲಸವೊಂದಿದೆ, ಕೆಲವು ಕುಟುಂಬಗಳು ಮಾಡಿಯೂ ಇವೆ. ತಮ್ಮ ಹೆಸರು ಸಿಕ್ಕ ಕೂಡಲೇ ಕಾಗದ ಮಡಚದೆ ಸ್ವತ್ತಿನ ಪಟ್ಟಿಯನ್ನು ಕೊನೆಯವರೆಗೆ ಓದಿ, ಅದರಲ್ಲಿರುವ ಪ್ರತಿಯೊಬ್ಬ ಮನುಷ್ಯನ ಹೆಸರನ್ನು ಎಲ್ಲರಿಗೂ ಸಿಗುವ ಕಡೆ ದಾಖಲಿಸುವುದು. 1870ರ ಗೋಡೆಯ ಈಚೆ ನಿಂತವರಿಗೆ ಬೇಕಾಗಿರುವ ಕಾಗದ ಅದೇ ಆಗಿರಬಹುದು.